ಹಲ್ಲಿನ ಡಾಕ್ಟರ್ ಆಗಲು ಬಂದ ಮಕ್ಕಳಿಗೆ ಇಂಗ್ಲಿಷ್ ಯಾರು ಕಲಿಸಬೇಕು?

ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ಕುಲಪತಿಗಳಿಗೆ, ಮತ್ತು ನಮ್ಮ ರಾಜ್ಯದ ಎಲ್ಲ ಡೆಂಟಲ್ ಕಾಲೇಜುಗಳ ಪ್ರಾಂಶುಪಾಲರಿಗೆ ನಮಸ್ಕಾರ.

ನನ್ನ ಬೇಡಿಕೆ ಒಂದೇ. ಹಲ್ಲಿನ ಡಾಕ್ಟರ್ ಆಗುವ ಬಿಡಿಎಸ್ ಕೋರ್ಸಿನ ಮೊದಲ ವರ್ಷದಿಂದಲೇ, ಕಾಲೇಜಿನ ಟೈಮ್ ಟೇಬಲ್ ಒಳಗೇ, ಹಲ್ಲಿನ ವಿಷಯವನ್ನೇ ಇಟ್ಟುಕೊಂಡು ಮಕ್ಕಳಿಗೆ ಇಂಗ್ಲಿಷ್ ಮಾತಾಡುವ, ಬರೆಯುವ ಅಭ್ಯಾಸ ಮಾಡಿಸಿ. ಇದನ್ನು ಹೊರಗಿನ ಸ್ಪೋಕನ್ ಇಂಗ್ಲಿಷ್ ಕ್ಲಾಸುಗಳಿಗೆ ಬಿಡಬೇಡಿ. ಸೀನಿಯರ್‌ಗಳ ದಯೆಗೂ ಬಿಡಬೇಡಿ. ‘ಫೈನಲ್ ಇಯರ್ ಹೊತ್ತಿಗೆ ತಾನಾಗೇ ಬರುತ್ತೆ’ ಅಂತ ಸುಮ್ಮನೆ ಕೂರಬೇಡಿ.

ನಾನು ಹಾವೇರಿ ಜಿಲ್ಲೆಯ ಒಂದು ತಾಲ್ಲೂಕು ಊರಿನಲ್ಲಿ ಹಲ್ಲಿನ ಕ್ಲಿನಿಕ್ ನಡೆಸುತ್ತೇನೆ. ಹತ್ತನೇ ಕ್ಲಾಸಿನವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವಳು. ರಜೆಯಲ್ಲಿ ಸುತ್ತಮುತ್ತಲ ಊರುಗಳ ಬಿಡಿಎಸ್ ಹುಡುಗ ಹುಡುಗಿಯರು ನೋಡಿ ಕಲಿಯಲು ನನ್ನ ಹತ್ತಿರ ಬರುತ್ತಾರೆ. ಅವರ ಕೈ ಚೆನ್ನಾಗಿದೆ, ತಲೆ ಚೆನ್ನಾಗಿದೆ, ಪೇಷಂಟ್ ಜೊತೆ ಮಾತಾಡುವ ರೀತಿಯಂತೂ ಬಹಳ ಚೆನ್ನಾಗಿದೆ. ಆದರೆ ‘ಈಗ ನೋಡಿದ ಕೇಸನ್ನು ನಿಮ್ಮ ಸರ್‌ಗೆ ಹೇಳುವ ಹಾಗೆ ಇಂಗ್ಲಿಷ್‌ನಲ್ಲಿ ಹೇಳು’ ಅಂದ ತಕ್ಷಣ ದನಿ ಇಳಿದುಹೋಗುತ್ತದೆ. ಅರ್ಧ ಗಂಟೆ ಕನ್ನಡದಲ್ಲಿ ಚುರುಕಾಗಿ ಮಾತಾಡಿದ ಮಗು ನೆಲ ನೋಡುತ್ತಾ ನಿಲ್ಲುತ್ತದೆ. ಇದು ಆ ಮಕ್ಕಳ ತಪ್ಪಲ್ಲ. ಅವರನ್ನು ಅಲ್ಲಿಗೆ ತಂದು ನಿಲ್ಲಿಸಿದ್ದು ನಮ್ಮ ವ್ಯವಸ್ಥೆ.

ಹೇಗೆ ಅಂತ ನೋಡಿ. ನಮ್ಮ ರಾಜ್ಯದಲ್ಲಿ ವೃತ್ತಿ ಶಿಕ್ಷಣದ ಸೀಟುಗಳಲ್ಲಿ ಒಂದರಿಂದ ಹತ್ತನೇ ತರಗತಿವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ 5% ಮೀಸಲಾತಿ ಇದೆ. ಗ್ರಾಮೀಣ ಭಾಗದಲ್ಲಿ ಓದಿದವರಿಗೆ 15% ಇದೆ. ಇದು ಒಳ್ಳೆಯ ನಿಯಮ, ಇರಲೇಬೇಕು. 2017ರಿಂದ ನೀಟ್ ಪರೀಕ್ಷೆಯನ್ನೂ ಕನ್ನಡದಲ್ಲಿ ಬರೆಯಬಹುದು. ಅಂದರೆ ಸರ್ಕಾರವೇ ಈ ಮಕ್ಕಳನ್ನು ಕರೆದು, ‘ನೀನು ಕನ್ನಡದಲ್ಲಿ ಓದಿದ್ದೀಯ, ಬಾ, ನಿನಗೂ ಇಲ್ಲಿ ಜಾಗ ಇದೆ’ ಅಂತ ಹೇಳಿದೆ. ಬಂದ ಮಗುವಿಗೆ ಮೊದಲ ದಿನವೇ ಅನಾಟಮಿ, ಫಿಸಿಯಾಲಜಿ, ಬಯೋಕೆಮಿಸ್ಟ್ರಿ, ಡೆಂಟಲ್ ಅನಾಟಮಿ ಎಲ್ಲವೂ ಇಂಗ್ಲಿಷ್‌ನಲ್ಲಿ. ಬಾಗಿಲು ತೆರೆದ ಮೇಲೆ ಒಳಗೆ ಕೂರಿಸುವ ಕೆಲಸವೂ ಇರುತ್ತದಲ್ವಾ? ಅದನ್ನು ಯಾರೂ ಮಾಡಿಲ್ಲ.

‘ಪಿಯುಸಿಯಲ್ಲಿ ಎರಡು ವರ್ಷ ಇಂಗ್ಲಿಷ್‌ನಲ್ಲೇ ಸೈನ್ಸ್ ಓದಿದ್ದಾರಲ್ಲ’ ಅಂತ ಕೆಲವರು ಕೇಳುತ್ತಾರೆ. ಓದಿದ್ದಾರೆ, ನಿಜ. ಆದರೆ ಆ ಎರಡು ವರ್ಷ ಅವರು ಮಾಡಿದ್ದು ಹೆಚ್ಚಾಗಿ ಸರಿ ಉತ್ತರಕ್ಕೆ ಗುರುತು ಹಾಕುವ ತಯಾರಿ. ನೀಟ್‌ನಲ್ಲಿ 180 ಪ್ರಶ್ನೆ, 720 ಅಂಕ. ಅಲ್ಲಿ ಒಂದು ವಾಕ್ಯವನ್ನೂ ಬರೆಯಬೇಕಾಗಿಲ್ಲ, ಬಾಯಿ ಬಿಟ್ಟು ಒಂದು ಮಾತನ್ನೂ ಹೇಳಬೇಕಾಗಿಲ್ಲ. ಬಿಡಿಎಸ್ ಇದಕ್ಕೆ ಪೂರ್ತಿ ಉಲ್ಟಾ. ಥಿಯರಿಯ 100 ಅಂಕದಲ್ಲಿ 70 ಬರವಣಿಗೆಗೆ, ಅದೂ ಲಾಂಗ್ ಎಸ್ಸೆ, ಶಾರ್ಟ್ ಎಸ್ಸೆ. 20 ಅಂಕ ವೈವಾಕ್ಕೆ, ಅಂದರೆ ಬಾಯಿಮಾತಿನ ಪರೀಕ್ಷೆಗೆ, 10 ಇಂಟರ್ನಲ್ಸ್‌ಗೆ. ಪಾಸಾಗಲು 50% ಬೇಕು. ಮೂರು ಗಂಟೆ ಕೂತು ಇಂಗ್ಲಿಷ್‌ನಲ್ಲಿ ಪ್ಯಾರಾ ಪ್ಯಾರಾ ಬರೆಯಬೇಕು, ಆಮೇಲೆ ಹೊರಗಿನಿಂದ ಬಂದ ಪರೀಕ್ಷಕರ ಎದುರು ಕೂತು ಇಂಗ್ಲಿಷ್‌ನಲ್ಲಿ ಉತ್ತರ ಹೇಳಬೇಕು. ಆ ಪರೀಕ್ಷಕರು ಎಷ್ಟೋ ಸಲ ಬೇರೆ ರಾಜ್ಯದವರು. ತಡವರಿಸಿದಾಗ ಒಂದು ಕನ್ನಡ ಪದ ಹೇಳಿ ದಾಟಿಕೊಳ್ಳಲು ಅಲ್ಲಿ ಅವಕಾಶವಿಲ್ಲ. ಈ ಎರಡೂ ಕೆಲಸವನ್ನು ಮಾಡಿ ಅಭ್ಯಾಸವೇ ಇಲ್ಲದ ಮಗು ಏನು ಮಾಡುತ್ತದೆ? ಬಾಯಿಪಾಠ ಮಾಡುತ್ತದೆ. ಸೀನಿಯರ್ ನೋಟ್ಸ್‌ನ ಜೆರಾಕ್ಸ್ ತಂದು, ಅಲ್ಲಿರುವ ತಪ್ಪುಗಳ ಸಮೇತ ಉರು ಹೊಡೆಯುತ್ತದೆ. ಪ್ರಶ್ನೆಯನ್ನು ಸ್ವಲ್ಪ ತಿರುಗಿಸಿ ಕೇಳಿದರೆ ಮುಗಿಯಿತು.

ಇಲ್ಲಿ ಒಂದು ತಪ್ಪು ತಿಳುವಳಿಕೆ ಇದೆ. ಕಷ್ಟ ಇರುವುದು ದೊಡ್ಡ ದೊಡ್ಡ ವೈದ್ಯಕೀಯ ಪದಗಳಲ್ಲಿ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಅಲ್ಲ. ಮೀಸಿಯಲ್, ಡಿಸ್ಟಲ್, ಬಕಲ್, ಲಿಂಗ್ವಲ್, ಅಕ್ಲೂಸಲ್ ಅಂತ ಹಲ್ಲಿನ ಒಂದೊಂದು ಬದಿಗೆ ಇರುವ ಹೆಸರುಗಳೆಲ್ಲ ಬೆಂಗಳೂರಿನ ದೊಡ್ಡ ಇಂಗ್ಲಿಷ್ ಸ್ಕೂಲಿನಿಂದ ಬಂದ ಮಗುವಿಗೂ ಹೊಸವೇ. ಅಲ್ಲಿ ಎಲ್ಲರೂ ಸಮ. ನಮ್ಮ ಮಕ್ಕಳು ಎಡವುವುದು ಆ ಪದಗಳ ನಡುವೆ ಬರುವ ಸಾದಾ ಇಂಗ್ಲಿಷ್‌ನಲ್ಲಿ. ನರ ಎಲ್ಲಿಂದ ಹೊರಟು ಯಾವುದರ ಪಕ್ಕದಲ್ಲಿ ಹೋಗಿ ಯಾವ ರಂಧ್ರದೊಳಗೆ ನುಗ್ಗುತ್ತದೆ ಅನ್ನುವ ಒಂದು ವಾಕ್ಯ ಕಟ್ಟಬೇಕಲ್ಲ, ಅಲ್ಲಿ. ‘ಎನ್ಯೂಮರೇಟ್’ ಅಂದರೆ ಬರೀ ಪಟ್ಟಿ ಕೊಟ್ಟರೆ ಸಾಕು, ‘ಡಿಸ್ಕಸ್’ ಅಂದರೆ ವಿವರಿಸಬೇಕು, ‘ಕ್ಲಾಸಿಫೈ’ ಅಂದರೆ ಗುಂಪು ಮಾಡಿ ತೋರಿಸಬೇಕು. ಇದನ್ನು ಯಾರೂ ಬಿಡಿಸಿ ಹೇಳದೆ ಇರುವುದರಿಂದ, ಎರಡು ಅಂಕದ ಪ್ರಶ್ನೆಗೆ ಒಂದೂವರೆ ಪುಟ ಬರೆದು ಹತ್ತು ಅಂಕದ ಪ್ರಶ್ನೆಗೆ ಟೈಮ್ ಸಾಲದೆ ಬಿಟ್ಟು ಬಂದವರನ್ನು ನಾನು ನೋಡಿದ್ದೇನೆ. ಅವರಿಗೆ ವಿಷಯ ಗೊತ್ತಿತ್ತು.

ಉಚ್ಚಾರಣೆ ಇನ್ನೊಂದು. ಟೆರಿಗಾಯ್ಡ್ ಅನ್ನುವ ಪದದ ಸ್ಪೆಲ್ಲಿಂಗ್ ‘ಪಿ’ ಅಕ್ಷರದಿಂದ ಶುರುವಾಗುತ್ತದೆ. ಬಾಯಿ ಒಣಗುವ ತೊಂದರೆಗೆ ಜೀರೋಸ್ಟೋಮಿಯ ಅನ್ನುತ್ತೇವೆ, ಬರೆಯುವುದು ‘ಎಕ್ಸ್’ ಹಾಕಿ. 36 ಅಂತ ನಂಬರ್ ಹಾಕಿ ಗುರುತಿಸುವ ಹಲ್ಲನ್ನು ‘ಥರ್ಟಿ ಸಿಕ್ಸ್’ ಅನ್ನಬಾರದು, ‘ಥ್ರೀ ಸಿಕ್ಸ್’ ಅನ್ನಬೇಕು. ಮೊದಲು ಬರುವ ಮೂರು ಕೆಳದವಡೆಯ ಎಡಭಾಗವನ್ನು ಹೇಳುತ್ತದೆ, ಆರು ಅಲ್ಲಿನ ಮೊದಲನೇ ಮೋಲಾರ್ ಅನ್ನು, ಅಂದರೆ ಅಗಿಯುವ ದೊಡ್ಡ ಹಲ್ಲನ್ನು ಹೇಳುತ್ತದೆ. ಇದನ್ನೆಲ್ಲ ಪುಸ್ತಕ ನೋಡಿ ಕಲಿಯಲು ಆಗುವುದಿಲ್ಲ, ಒಬ್ಬರು ಜೋರಾಗಿ ಹೇಳಿ ತೋರಿಸಬೇಕು. ತೋರಿಸದೆ, ಮಗು ತಪ್ಪು ಹೇಳಿದಾಗ ಇಡೀ ಕ್ಲಾಸ್ ನಕ್ಕರೆ, ಮೇಷ್ಟ್ರೂ ಜೊತೆಗೆ ನಕ್ಕರೆ, ಆ ಮಗು ಆ ವರ್ಷ ಮತ್ತೆ ಕೈ ಎತ್ತುವುದಿಲ್ಲ. ಡೌಟ್ ಕೇಳುವುದೂ ಇಲ್ಲ. ಈ ನಗು ನಿಲ್ಲಬೇಕು ಸರ್. ಇದಕ್ಕೆ ಸುತ್ತೋಲೆ ಬೇಕಾಗಿಲ್ಲ, ಪ್ರಾಂಶುಪಾಲರು ಸ್ಟಾಫ್ ಮೀಟಿಂಗ್‌ನಲ್ಲಿ ಒಂದು ಮಾತು ಖಡಕ್ಕಾಗಿ ಹೇಳಿದರೆ ಸಾಕು.

ಈಗ ಕ್ಲಿನಿಕ್ ವಿಷಯಕ್ಕೆ ಬರುತ್ತೇನೆ. ನನಗೆ ಎಲ್ಲಕ್ಕಿಂತ ಮುಖ್ಯ ಅನಿಸುವುದು ಇದೇ.

ಮೂರನೇ ವರ್ಷದಲ್ಲಿ ಮಕ್ಕಳು ಪೇಷಂಟ್ ಮುಂದೆ ಕೂರುತ್ತಾರೆ. ಕೇಸ್ ಹಿಸ್ಟರಿ ಹಾಳೆಯಲ್ಲಿ ಹೆಸರು, ವಯಸ್ಸು ಆದ ಮೇಲೆ ಮೊದಲು ಬರುವುದೇ ಚೀಫ್ ಕಂಪ್ಲೇಂಟ್, ಅಂದರೆ ಪೇಷಂಟ್ ಬಂದ ಮುಖ್ಯ ತೊಂದರೆ. ಅದನ್ನು ಪೇಷಂಟ್ ಹೇಳಿದ ಮಾತಿನಲ್ಲೇ ಬರೆಯಬೇಕು ಅಂತ ನಾವೇ ಕಲಿಸುತ್ತೇವೆ. ನಮ್ಮ ಕಡೆಯ ಒಬ್ಬ ಅಜ್ಜಿ ಬಂದು ಹೇಳುತ್ತಾಳೆ: ‘ಏನ್ ಹೇಳ್ಲಿ ಯವ್ವಾ, ತಣ್ಣೀರ ಬಾಯಾಗ ಇಟ್ರ ಜುಮ್ ಅಂತೈತಿ, ಆಮ್ಯಾಲ ತಾಸಗಟ್ಲೆ ಬಿಡಂಗಿಲ್ಲ, ರಾತ್ರಿ ಮಲಗಿದ್ರ ಕಿವೀತನಾ ಹೊಡೀತೈತಿ.’ ಈ ಒಂದೇ ಮಾತಿನಲ್ಲಿ ರೋಗದ ಮುಕ್ಕಾಲು ಭಾಗ ಇದೆ. ತಣ್ಣೀರಿಗೆ ಜುಮ್ ಅಂದು ಕೂಡಲೇ ಹೋಗುವ ನೋವು ಬೇರೆ. ಅಲ್ಲಿ ಹಲ್ಲಿನ ಒಳಗಿನ ತಿರುಳು ಇನ್ನೂ ಚೇತರಿಸಿಕೊಳ್ಳಬಹುದು, ಹುಳುಕು ತೆಗೆದು ಫಿಲ್ಲಿಂಗ್ ಮಾಡಿದರೆ ಎಷ್ಟೋ ಸಲ ಸಾಕಾಗುತ್ತದೆ. ತಾಸುಗಟ್ಟಲೆ ಉಳಿಯುವ, ರಾತ್ರಿ ತಾನಾಗೇ ಏಳುವ, ಕಿವಿಗೆ ಹರಡುವ ನೋವು ಬೇರೆ. ಅಲ್ಲಿ ಸಾಮಾನ್ಯವಾಗಿ ರೂಟ್ ಕೆನಾಲ್ ಬೇಕಾಗುತ್ತದೆ, ಇಲ್ಲದಿದ್ದರೆ ಹಲ್ಲು ಕೀಳಬೇಕು. ಆಮೇಲೆ ಎಕ್ಸ್‌ರೇ ತೆಗೆಯುತ್ತೇವೆ, ತಟ್ಟಿ ನೋಡುತ್ತೇವೆ, ತಂಪು ಇಟ್ಟು ನೋಡುತ್ತೇವೆ. ಆದರೆ ದಾರಿ ತೋರಿಸುವುದು ಆ ಅಜ್ಜಿಯ ಮಾತು.

ಅದನ್ನು ಸರಿಯಾಗಿ ಕೇಳಿಸಿಕೊಳ್ಳುವವರು ಯಾರು? ಕನ್ನಡದಲ್ಲಿ ಬೆಳೆದ ಮಗು. ‘ಎಷ್ಟೊತ್ತು ಇರ್ತೈತಿ ಅಮ್ಮಾ, ತಾನಾಗೇ ಬರ್ತೈತೋ ಏನಾರ ತಿಂದ್ರ ಬರ್ತೈತೋ’ ಅಂತ ತಿರುಗಿ ಕೇಳಲು ಬರುವುದೂ ಆ ಮಗುವಿಗೇ. ಆಮೇಲೆ ಅದೇ ಮಗು ಮೇಡಂ ಮುಂದೆ ನಿಂತು ಕೇಸ್ ಒಪ್ಪಿಸುವಾಗ ಹೇಳುವುದು ಇಷ್ಟೇ: ‘ಪೇನ್ ಮ್ಯಾಮ್, ಲೋವರ್ ಲೆಫ್ಟ್.’ ತಾಸುಗಟ್ಟಲೆ ಇರುತ್ತದೆ ಅನ್ನುವುದು ಹೋಯಿತು, ರಾತ್ರಿ ಹೋಯಿತು, ಕಿವಿ ಹೋಯಿತು. ಗೊತ್ತಿಲ್ಲದೆ ಅಲ್ಲ, ಹೇಳಲು ವಾಕ್ಯ ಇಲ್ಲದೆ. ಪಕ್ಕದಲ್ಲಿ ಇನ್ನೊಬ್ಬ ವಿದ್ಯಾರ್ಥಿ ಪೇಷಂಟ್ ಮಾತು ಅರ್ಧ ಮಾತ್ರ ಅರ್ಥವಾಗಿದ್ದರೂ ‘ಪೇಷಂಟ್ ರಿಪೋರ್ಟ್ಸ್ ವಿತ್ ದ ಚೀಫ್ ಕಂಪ್ಲೇಂಟ್ ಆಫ್’ ಅಂತ ಶುರು ಮಾಡಿ ಸಲೀಸಾಗಿ ಮುಗಿಸುತ್ತಾನೆ. ಮಾರ್ಕ್ಸ್ ಅವನಿಗೆ ಬರುತ್ತದೆ. ನಾನು ಅವನನ್ನು ದೂರುತ್ತಿಲ್ಲ, ಅವನಿಗೂ ಕನ್ನಡ ಕಲಿಸಬೇಕು, ಅದು ಇನ್ನೊಂದು ಪತ್ರದ ವಿಷಯ. ಆದರೆ ಪೇಷಂಟನ್ನು ಚೆನ್ನಾಗಿ ಅರ್ಥ ಮಾಡಿಕೊಂಡವರೇ ಹಿಂದೆ ಬೀಳುವ ಪರೀಕ್ಷೆ ಸರಿಯಾದದ್ದಲ್ಲ. ಆ ಮಗುವಿಗೆ ಬೇಕಾಗಿರುವುದು ಬಹಳ ಕಡಿಮೆ. ನೋವು ಯಾವಾಗ ಶುರುವಾಯಿತು, ಎಂಥದ್ದು, ಎಷ್ಟು ಹೊತ್ತು, ಎಲ್ಲಿಗೆ ಹರಡುತ್ತದೆ, ಯಾವುದರಿಂದ ಹೆಚ್ಚುತ್ತದೆ, ಯಾವುದರಿಂದ ತಗ್ಗುತ್ತದೆ. ಇವಕ್ಕೆ ಇಂಗ್ಲಿಷ್‌ನಲ್ಲಿ ಕೆಲವು ಗಟ್ಟಿ ವಾಕ್ಯಗಳು, ಮತ್ತು ಅವನ್ನು ನಾಲಿಗೆಗೆ ಬರುವ ತನಕ ಹೇಳಿಸುವ ಒಬ್ಬರು.

ಕೇಸ್ ಹೇಳುವುದು ಮಾರ್ಕ್ಸ್ ವಿಷಯ ಅಂತ ಬಿಟ್ಟುಬಿಡೋಣ. ಫಿಸಿಷಿಯನ್‌ಗೆ ಬರೆಯುವ ಪತ್ರ ಹಾಗಲ್ಲ, ಅದು ಪೇಷಂಟ್ ಜೀವದ ವಿಷಯ. ಹಾರ್ಟಿನ ತೊಂದರೆಗೆ ರಕ್ತ ತೆಳು ಮಾಡುವ ಮಾತ್ರೆ ತೆಗೆದುಕೊಳ್ಳುವವರು ಹಲ್ಲು ಕೀಳಿಸಲು ಬರುತ್ತಾರೆ. ಅವರ ಡಾಕ್ಟರಿಗೆ ನಾವು ಬರೆಯಬೇಕು. ನಮ್ಮಲ್ಲಿ ಎಷ್ಟೋ ಪತ್ರಗಳು ‘ಕೈಂಡ್ಲಿ ಗಿವ್ ಫಿಟ್‌ನೆಸ್ ಫಾರ್ ಎಕ್ಸ್‌ಟ್ರಾಕ್ಷನ್’ ಅನ್ನುವ ಒಂದೇ ಸಾಲಿಗೆ ಮುಗಿಯುತ್ತವೆ. ಯಾವ ಹಲ್ಲು, ಎಷ್ಟು ಹಲ್ಲು, ಅರಿವಳಿಕೆಯಲ್ಲಿ ಅಡ್ರಿನಲಿನ್ ಇದೆಯಾ, ಪೇಷಂಟ್ ಈಗ ಯಾವ ಮಾತ್ರೆ ಎಷ್ಟು ತೆಗೆದುಕೊಳ್ಳುತ್ತಿದ್ದಾರೆ, ರಕ್ತ ತೆಳು ಮಾಡುವ ಮಾತ್ರೆ ವಾರ್ಫರಿನ್ ಆದರೆ ರಕ್ತ ಹೆಪ್ಪುಗಟ್ಟುವುದನ್ನು ಅಳೆಯುವ ಐಎನ್‌ಆರ್ ಇತ್ತೀಚೆಗೆ ಎಷ್ಟಿತ್ತು, ನಮಗೆ ನಿಮ್ಮಿಂದ ತಿಳಿಯಬೇಕಾದದ್ದು ಏನು, ಇದು ಯಾವುದೂ ಇರುವುದಿಲ್ಲ. ಅಂಥ ಪತ್ರಕ್ಕೆ ‘ಫಿಟ್’ ಅನ್ನುವ ಒಂದು ಪದದ ಉತ್ತರ ಬರುತ್ತದೆ, ಅದರಿಂದ ಯಾರಿಗೂ ಉಪಯೋಗವಿಲ್ಲ. ಇದು ಕನ್ನಡ ಮಾಧ್ಯಮದವರ ಸಮಸ್ಯೆ ಮಾತ್ರ ಅಲ್ಲ. ಇಂಗ್ಲಿಷ್‌ನಲ್ಲಿ ಸರಸರ ಮಾತಾಡುವವರಿಗೂ ಈ ಪತ್ರ ಬರೆಯಲು ಬರುವುದಿಲ್ಲ, ಏಕೆಂದರೆ ಐದು ವರ್ಷದಲ್ಲಿ ಯಾರೂ ಕೂರಿಸಿ ಬರೆಸಿರುವುದಿಲ್ಲ.

ಎಂಬಿಬಿಎಸ್‌ನಲ್ಲಿ 2019ರ ಹೊಸ ಪಠ್ಯಕ್ರಮ ಬಂದಾಗ, ಶುರುವಿನಲ್ಲೇ ಒಂದು ತಿಂಗಳ ಫೌಂಡೇಶನ್ ಕೋರ್ಸ್ ತಂದರು. ಅದರಲ್ಲಿ ಇಂಗ್ಲಿಷ್ ಮತ್ತು ಸ್ಥಳೀಯ ಭಾಷೆಗೆ ಸಮಯ ಇಟ್ಟರು. ಎಲ್ಲ ಕಡೆ ಚೆನ್ನಾಗಿ ನಡೆಯುತ್ತದೆ ಅಂತ ನಾನು ಹೇಳುವುದಿಲ್ಲ. ಆದರೆ ಇದು ಕಾಲೇಜಿನ ಕೆಲಸ ಅಂತ ಅಲ್ಲಿ ಒಪ್ಪಿಕೊಂಡಿದ್ದಾರೆ. ನಮ್ಮ ಮಕ್ಕಳಿಗೂ ಅದು ಸಿಗಲಿ, ಮತ್ತು ಶುರುವಿನ ಕೆಲವು ವಾರಕ್ಕೆ ನಿಲ್ಲದೆ ನಾಲ್ಕು ವರ್ಷವೂ ಸ್ವಲ್ಪ ಸ್ವಲ್ಪ ನಡೆಯಲಿ. ಭಾಷೆ ಒಂದು ತಿಂಗಳಲ್ಲಿ ಕೂರುವುದಿಲ್ಲ.

ಟೈಮ್ ಎಲ್ಲಿದೆ ಅಂತ ನೀವು ಕೇಳುತ್ತೀರಿ. ಇದೆ. ಮೊದಲ ವರ್ಷ ಮಕ್ಕಳು ಲ್ಯಾಬಿನಲ್ಲಿ ಗಂಟೆಗಟ್ಟಲೆ ಮೇಣದ ಮೇಲೆ ಹಲ್ಲು ಕೆತ್ತುತ್ತಾರೆ. ಕೊನೆಯ ಅರ್ಧ ಗಂಟೆ ಇಬ್ಬಿಬ್ಬರನ್ನು ಜೋಡಿ ಮಾಡಿ ಕೂರಿಸಿ. ಒಬ್ಬರು ಒಂದು ಹಲ್ಲನ್ನು ಹೆಸರು ಹೇಳದೆ ಐದಾರು ವಾಕ್ಯದಲ್ಲಿ ವರ್ಣಿಸಲಿ, ಇನ್ನೊಬ್ಬರು ಯಾವ ಹಲ್ಲು ಅಂತ ಕಂಡುಹಿಡಿಯಲಿ. ಐದು ಕಸ್ಪ್ (ಹಲ್ಲಿನ ಮೇಲಿನ ಉಬ್ಬು), ಎರಡು ಬೇರು ಅಂದರೆ ಕೆಳಗಿನ ಮೊದಲನೇ ಮೋಲಾರ್. ಮೂರು ಬೇರು, ಓಬ್ಲಿಕ್ ರಿಡ್ಜ್ ಅನ್ನುವ ಓರೆಯಾದ ಏಣು, ಒಳಬದಿಯಲ್ಲಿ ಕ್ಯಾರಬೆಲ್ಲಿ ಕಸ್ಪ್ ಅನ್ನುವ ಚಿಕ್ಕ ಉಬ್ಬು ಅಂದರೆ ಮೇಲಿನ ಮೊದಲನೇ ಮೋಲಾರ್. ಡೆಂಟಲ್ ಅನಾಟಮಿಯೂ ಬರುತ್ತದೆ, ವಾಕ್ಯವೂ ಬರುತ್ತದೆ. ಎರಡನೇ ವರ್ಷ ಸಿಮೆಂಟ್ ಕಲಸುವಾಗ ಕೈ ಮಾಡುವುದನ್ನು ಬಾಯಿ ಹೇಳಲಿ. ಜಿಂಕ್ ಫಾಸ್ಫೇಟ್ ಕಲಸಲು ಗಾಜಿನ ಹಲಗೆ ಯಾಕೆ ತಂಪಾಗಿರಬೇಕು, ಪುಡಿಯನ್ನು ಯಾಕೆ ಸ್ವಲ್ಪ ಸ್ವಲ್ಪವೇ ಸೇರಿಸಬೇಕು ಅಂತ ಕಾರಣ ಕೊಟ್ಟು ಹೇಳಲಿ. ವೈವಾದಲ್ಲಿ ಕೇಳುವುದೂ ಇದನ್ನೇ. ಮೂರನೇ ವರ್ಷ ಮೂವರ ಗುಂಪು: ಒಬ್ಬರು ಕನ್ನಡದಲ್ಲಿ ಪೇಷಂಟ್, ಒಬ್ಬರು ಡಾಕ್ಟರ್, ಇನ್ನೊಬ್ಬರು ಕೇಳಿಸಿಕೊಂಡು ಇಂಗ್ಲಿಷ್‌ನಲ್ಲಿ ಕೇಸ್ ಒಪ್ಪಿಸುವವರು. ತಮ್ಮ ಮಾತನ್ನು ಫೋನಿನಲ್ಲಿ ರೆಕಾರ್ಡ್ ಮಾಡಿ ಕೇಳಿಕೊಳ್ಳಲಿ. ಅದು ತಮ್ಮ ದನಿ ಮಾತ್ರ ಆಗಿರಲಿ, ನಿಜವಾದ ಪೇಷಂಟ್ ಮಾತನ್ನು ಹೀಗೆ ರೆಕಾರ್ಡ್ ಮಾಡುವುದು ಬೇಡ.

ಬರವಣಿಗೆಗೆ ವಾರಕ್ಕೆ ಒಂದು ಪುಟ ಸಾಕು. ತಿದ್ದುವಾಗ ವಿಷಯದ ಜೊತೆ ವಾಕ್ಯವನ್ನೂ ತಿದ್ದಿ, ಆದರೆ ಅಂಕ ಹಾಕಬೇಡಿ. ಅಂಕ ಬಂದರೆ ಮತ್ತೆ ಜೆರಾಕ್ಸ್ ಬರುತ್ತದೆ.

ಕಲಿಸುವವರು ಯಾರು ಅಂತಲೂ ಯೋಚಿಸಿದ್ದೇನೆ. ಇಂಗ್ಲಿಷ್ ಮೇಷ್ಟ್ರನ್ನು ಮಾತ್ರ ತಂದರೆ ಅವರು ಟೆನ್ಸ್, ವಾಯ್ಸ್ ಅಂತ ಹೈಸ್ಕೂಲಿನ ವ್ಯಾಕರಣಕ್ಕೆ ಹೋಗುತ್ತಾರೆ, ಪಾಪ ಅವರಿಗೆ ಹಲ್ಲಿನ ವಿಷಯ ಗೊತ್ತಿರುವುದಿಲ್ಲ. ಡೆಂಟಲ್ ಮೇಷ್ಟ್ರೊಬ್ಬರು ಜೊತೆಗಿರಬೇಕು. ಇಂಟರ್ನ್‌ಗಳಲ್ಲಿ, ಬಿಡಿಎಸ್ ಮುಗಿಸಿ ಮುಂದಿನ ಪದವಿ ಎಂಡಿಎಸ್ ಮಾಡುವವರಲ್ಲಿ ಕನ್ನಡ ಮಾಧ್ಯಮದಿಂದ ಬಂದು ಗೆದ್ದವರು ಖಂಡಿತ ಇರುತ್ತಾರೆ. ಅವರನ್ನು ಸೇರಿಸಿಕೊಳ್ಳಿ, ಅವರಿಗೆ ಒಂದು ಸರ್ಟಿಫಿಕೇಟ್ ಕೊಡಿ. ಎಲ್ಲಿ ಕಾಲು ಜಾರುತ್ತದೆ ಅಂತ ಅವರಿಗೆ ಗೊತ್ತಿದೆ. ಮತ್ತೆ, ದಯವಿಟ್ಟು ಈ ಕ್ಲಾಸಿನಲ್ಲಿ ಕನ್ನಡ ಮಾತಾಡಬಾರದು ಅನ್ನುವ ರೂಲ್ ಮಾಡಬೇಡಿ. ಡೌಟ್ ಕನ್ನಡದಲ್ಲೇ ಕೇಳಲಿ, ವಿಷಯ ಕನ್ನಡದಲ್ಲೇ ಅರ್ಥವಾಗಲಿ. ಅರ್ಥವಾದದ್ದನ್ನು ಇಂಗ್ಲಿಷ್‌ನಲ್ಲಿ ಹೇಳುವುದು ಆಮೇಲಿನ ಹೆಜ್ಜೆ. ಅರ್ಥವೇ ಆಗದ್ದನ್ನು ಇಂಗ್ಲಿಷ್‌ನಲ್ಲಿ ಹೇಳಿಸಿ ಏನು ಪ್ರಯೋಜನ?

ಹೊರದೇಶಕ್ಕೆ ಹೋಗುವ ವೈದ್ಯರು, ದಂತವೈದ್ಯರು, ನರ್ಸ್‌ಗಳು ಬರೆಯುವ ಒಇಟಿ ಅನ್ನುವ ಇಂಗ್ಲಿಷ್ ಪರೀಕ್ಷೆ ಇದೆ. ಅದರಲ್ಲಿ ಮಾತಿನ ಭಾಗ ಅಂದರೆ ಪೇಷಂಟ್ ಜೊತೆ ಐದೈದು ನಿಮಿಷದ ಎರಡು ಸಂಭಾಷಣೆ. ಬರವಣಿಗೆ ಅಂದರೆ ಕೇಸ್ ನೋಟ್ಸ್ ನೋಡಿ 45 ನಿಮಿಷದೊಳಗೆ ಒಂದು ಪತ್ರ, ಸಾಮಾನ್ಯವಾಗಿ ಇನ್ನೊಬ್ಬ ವೈದ್ಯರಿಗೆ ಬರೆಯುವ ರೆಫರಲ್ ಪತ್ರ. ನಮ್ಮ ಮಕ್ಕಳೆಲ್ಲ ಹೊರದೇಶಕ್ಕೆ ಹೋಗಲಿ ಅಂತ ನಾನು ಇದನ್ನು ಹೇಳುತ್ತಿಲ್ಲ. ಅವರು ಹಾನಗಲ್ಲಿನಲ್ಲಿ, ಸಿಂಧನೂರಿನಲ್ಲಿ, ಹೊಸದುರ್ಗದಲ್ಲಿ ಕ್ಲಿನಿಕ್ ಇಟ್ಟರೆ ನನಗೆ ಹೆಚ್ಚು ಖುಷಿ. ಆದರೆ ಕೆಲಸಕ್ಕೆ ಬೇಕಾದ ಇಂಗ್ಲಿಷ್ ಅಂದರೆ ಯಾವುದು ಅಂತ ಆ ಪರೀಕ್ಷೆ ಮಾಡಿದವರು ಸರಿಯಾಗಿ ಗುರುತಿಸಿದ್ದಾರೆ. ಮಾತಾಡುವುದು, ಪತ್ರ ಬರೆಯುವುದು. ಊರಿನ ಸ್ಪೋಕನ್ ಇಂಗ್ಲಿಷ್ ಕ್ಲಾಸಿನಲ್ಲಿ ಹೋಟೆಲಿನಲ್ಲಿ ಊಟ ಆರ್ಡರ್ ಮಾಡುವುದನ್ನು, ಇಂಟರ್‌ವ್ಯೂನಲ್ಲಿ ತನ್ನ ಬಗ್ಗೆ ಹೇಳಿಕೊಳ್ಳುವುದನ್ನು ಕಲಿಸುತ್ತಾರೆ. ಅದಕ್ಕೆ ಮಕ್ಕಳ ಅಪ್ಪ ಅಮ್ಮ ದುಡ್ಡು ಸುರಿಯುತ್ತಿದ್ದಾರೆ. ಬೇಡ ಅದು.

ಕನ್ನಡದಲ್ಲೇ ಬಿಡಿಎಸ್ ಕಲಿಸಬೇಕು ಅನ್ನುವವರೂ ಈ ಪತ್ರ ಓದಬಹುದು. ನಿಮ್ಮ ಜೊತೆ ನನಗೆ ಜಗಳವಿಲ್ಲ. 2022ರಲ್ಲಿ ಮಧ್ಯಪ್ರದೇಶದಲ್ಲಿ ಎಂಬಿಬಿಎಸ್‌ಗೆ ಹಿಂದಿ ಪುಸ್ತಕಗಳು ಬಂದವು. ಕನ್ನಡದಲ್ಲಿ ಒಳ್ಳೆಯ ದಂತವೈದ್ಯಕೀಯ ಪುಸ್ತಕಗಳು ಬರಲಿ, ನಾನೇ ಕೂತು ಕರಡು ತಿದ್ದಲು ತಯಾರಿದ್ದೇನೆ. ಆದರೆ ಈ ವರ್ಷ ಸೇರಿದ ಹುಡುಗಿ ಆ ಪುಸ್ತಕಕ್ಕಾಗಿ ಕಾಯಲು ಆಗುವುದಿಲ್ಲ. ಅವಳ ಪರೀಕ್ಷೆ ಇಂಗ್ಲಿಷ್‌ನಲ್ಲಿ, ಮುಂದೆ ಎಂಡಿಎಸ್ ಮಾಡಬೇಕೆಂದರೆ ಬರೆಯುವ ನೀಟ್-ಎಂಡಿಎಸ್ ಅನ್ನುವ ಬೇರೆ ಪರೀಕ್ಷೆ ಇಂಗ್ಲಿಷ್‌ನಲ್ಲಿ, ಹೊಸ ಚಿಕಿತ್ಸೆಗಳ ಬಗ್ಗೆ ಬರುವ ಲೇಖನಗಳೂ ಹೆಚ್ಚಾಗಿ ಇಂಗ್ಲಿಷ್‌ನಲ್ಲೇ.

ಕುಲಪತಿಗಳೇ, ತಮ್ಮಿಂದ ಬೇಕಾಗಿರುವುದು ಒಂದು ಸುತ್ತೋಲೆ: ಮೊದಲ ವರ್ಷದಿಂದ ವಾರಕ್ಕೆ ಎರಡು ಗಂಟೆ, ಹತ್ತು ಜನಕ್ಕಿಂತ ಜಾಸ್ತಿ ಇಲ್ಲದ ಗುಂಪುಗಳಲ್ಲಿ, ಫೀಸ್ ಇಲ್ಲದೆ, ಅಂಕ ಇಲ್ಲದೆ. ಪ್ರಾಂಶುಪಾಲರೇ, ನೀವು ಆ ಸುತ್ತೋಲೆಗೂ ಕಾಯಬೇಕಾಗಿಲ್ಲ. ಮುಂದಿನ ಬ್ಯಾಚ್ ಒಳಗೆ ಬರುವ ಮೊದಲು ಒಬ್ಬ ಡೆಂಟಲ್ ಮೇಷ್ಟ್ರನ್ನು, ಇಬ್ಬರು ಇಂಟರ್ನ್‌ಗಳನ್ನು ಕರೆದು ಟೈಮ್ ಟೇಬಲ್ ಹಾಕಿ. ಹಲ್ಲು ವರ್ಣಿಸುವ ಚೀಟಿಗಳು, ಪೇಷಂಟ್ ಮಾತಿನ ಮಾದರಿಗಳು, ಫಿಸಿಷಿಯನ್‌ಗೆ ಬರೆಯುವ ಪತ್ರದ ನಮೂನೆ, ಇವಿಷ್ಟನ್ನು ನಾನು ನನ್ನ ಹತ್ತಿರ ಬರುವ ಮಕ್ಕಳಿಗಾಗಿ ಬರೆದಿಟ್ಟುಕೊಂಡಿದ್ದೇನೆ. ಯಾವ ಕಾಲೇಜು ಕೇಳಿದರೂ ಕಳಿಸುತ್ತೇನೆ. ನಮ್ಮ ಕಡೆಯ ಕಾಲೇಜಾದರೆ ಭಾನುವಾರ ನಾನೇ ಬಂದು ಮೊದಲ ಕ್ಲಾಸ್ ತೆಗೆದುಕೊಳ್ಳುತ್ತೇನೆ.

ಇಂತಿ,
ಒಬ್ಬ ಹಲ್ಲಿನ ಡಾಕ್ಟರ್,
ಹಾವೇರಿ ಜಿಲ್ಲೆ